ಮೊದಲ ಟ್ಯೂಬಿನ ರಕ್ತ: ಶ್ವಾಸಕೋಶ ಕಸಿಯಾದವರೊಬ್ಬರಲ್ಲಿ ಎಂಡೋಥೀಲಿಯಲ್ ಕೋಶಗಳ ಎಣಿಕೆ

ಈ ಪ್ರಕರಣದ ರೋಗಿ 46 ವರ್ಷದ ಕಾಫಿ ಬೆಳೆಗಾರರು. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮನೆ ಕೊಡಗಿನ ನಾಪೋಕ್ಲು ದಾಟಿ ಒಳಗೆ, ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಒಲೆಯ ಮೇಲೆಯೇ ಒಣಗಬೇಕಾದ ಕಡೆ. ಅಟ್ಟದಲ್ಲಿ ಪಾರಿವಾಳ ಸಾಕುವುದು ತಂದೆಯ ಕಾಲದಿಂದ ಬಂದ ಹವ್ಯಾಸ, ಅಟ್ಟದ ಕೆಳಗಿನ ಕೋಣೆಯಲ್ಲಿ ಕಾಫಿ ಚೀಲಗಳು. ಮೂವತ್ತೆಂಟರ ಆಸುಪಾಸಿನಲ್ಲಿ ಶುರುವಾದ ಒಣಕೆಮ್ಮನ್ನು ಮೊದಲು ಅಲರ್ಜಿ ಎಂದು, ಬಳಿಕ ಅಸ್ತಮಾ ಎಂದು ನೋಡಿಕೊಂಡು ಬರಲಾಗಿತ್ತು. ಅದು ಹಕ್ಕಿಯ ಹಿಕ್ಕೆ ಮತ್ತು ಬೂಷ್ಟಿನ ಧೂಳನ್ನು ವರ್ಷಗಟ್ಟಲೆ ಉಸಿರಾಡಿದ್ದರಿಂದ ಬಂದ ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಎಂದು ಗೊತ್ತಾಗುವ ಹೊತ್ತಿಗೆ ಶ್ವಾಸಕೋಶಗಳು ನಾರುಗಟ್ಟಿದ್ದವು. ಪಾರಿವಾಳಗಳನ್ನು ಬಿಟ್ಟುಬಿಟ್ಟರು, ಸ್ಟಿರಾಯ್ಡ್ ತೆಗೆದುಕೊಂಡರು, ಆದರೂ ಕಣದಿಂದ ಮನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಎರಡು ಸಲ ಕೂರುವ ಸ್ಥಿತಿಗೆ ಬಂದಾಗ ಹೆಸರನ್ನು ಕಸಿಯ ಪಟ್ಟಿಗೆ ಸೇರಿಸಲಾಯಿತು. ಕಳೆದದ್ದಕ್ಕಿಂತ ಹಿಂದಿನ ಅಕ್ಟೋಬರಿನಲ್ಲಿ, ಮಿದುಳು ನಿಷ್ಕ್ರಿಯಗೊಂಡಿದ್ದ ದಾನಿಯೊಬ್ಬರಿಂದ ಎರಡೂ ಶ್ವಾಸಕೋಶಗಳ ಕಸಿ ನಡೆಯಿತು. ಶಸ್ತ್ರಚಿಕಿತ್ಸೆ ಮಹಾನಗರದಲ್ಲಿ ಆಯಿತು. ಊರಿಗೆ ಮರಳಿದ ಮೇಲೆ ಮಾಸಿಕ ತಪಾಸಣೆ, ರಕ್ತ ಸಂಗ್ರಹ ಮತ್ತು ದಿನನಿತ್ಯದ ಫೋನ್ ಕರೆಗಳ ಹೊಣೆ ಮಡಿಕೇರಿಯಲ್ಲಿರುವ ನನ್ನ ಪಾಲಿಗೆ ಬಂತು.

ಕಿತ್ತಳೆ ಗಿಡಕ್ಕೆ ಕಸಿ ಕಟ್ಟಿ ಗೊತ್ತಿರುವ ಮನುಷ್ಯ ಅವರು. ಮೊದಲ ಭೇಟಿಯಲ್ಲೇ ಕೇಳಿದರು: “ಡಾಕ್ಟ್ರೇ, ಗಿಡದ ಕಸಿಯಾದರೆ ಹಿಡಿಯಿತೋ ಇಲ್ಲವೋ ಅಂತ ಚಿಗುರು ಹೇಳ್ತದೆ. ಇದರ ಚಿಗುರು ಯಾವುದು?” ನಮ್ಮ ಕೈಯಲ್ಲಿರುವ ಚಿಗುರು ಮುಖ್ಯವಾಗಿ ಸ್ಪೈರೋಮೆಟ್ರಿ. ಒಂದು ಸೆಕೆಂಡಿನಲ್ಲಿ ಬಲವಾಗಿ ಹೊರದೂಡುವ ಗಾಳಿಯ ಪ್ರಮಾಣವನ್ನು, ಎಂದರೆ ಎಫ್‌ಇವಿ1 ಅನ್ನು, ಅಳೆಯುತ್ತೇವೆ. ಕಸಿಯ ನಂತರ ಕನಿಷ್ಠ ಮೂರು ವಾರಗಳ ಅಂತರದಲ್ಲಿ ದಾಖಲಾದ ಎರಡು ಅತ್ಯುತ್ತಮ ಅಳತೆಗಳ ಸರಾಸರಿಯನ್ನು ಆ ವ್ಯಕ್ತಿಯ ಮೂಲಮಟ್ಟವೆಂದು ಹಿಡಿದು, ಅದರಿಂದ ಶೇ 20 ಅಥವಾ ಅದಕ್ಕಿಂತ ಹೆಚ್ಚು ಕುಸಿದು ಹಾಗೆಯೇ ನಿಂತರೆ ಕಸಿಯಾದ ಶ್ವಾಸಕೋಶದ ದೀರ್ಘಕಾಲೀನ ವೈಫಲ್ಯವನ್ನು ಸಂಶಯಿಸುತ್ತೇವೆ. ಇವರ ಮೂಲಮಟ್ಟ 2.42 ಲೀಟರ್. ಈ ಚಿಗುರಿನ ತೊಂದರೆಯೆಂದರೆ ಅದು ಬಾಡಿದ್ದು ಕಾಣುವ ಹೊತ್ತಿಗೆ ಬೇರಿಗೆ ಆಗಬೇಕಾದ ಹಾನಿ ಬಹುಪಾಲು ಆಗಿಹೋಗಿರುತ್ತದೆ. ಶ್ವಾಸನಾಳದ ಮೂಲಕ ಅಂಗಾಂಶದ ಚೂರು ತೆಗೆದು ನೋಡುವ ಬಯಾಪ್ಸಿ ಇದಕ್ಕಿಂತ ಮೊದಲೇ ಹೇಳಬಲ್ಲದು. ಆದರೆ ಅದಕ್ಕೆ ಪ್ರತಿ ಸಲವೂ ಬೆಂಗಳೂರಿಗೆ ಹೋಗಬೇಕು, ಮೇಲಾಗಿ ರಕ್ತಸ್ರಾವದ ಮತ್ತು ಶ್ವಾಸಕೋಶ ಕುಸಿಯುವ ಅಪಾಯವನ್ನು ಪ್ರತಿ ಸಲವೂ ಹೊರಬೇಕು.

ಈ ಎರಡರ ನಡುವಿನ ಜಾಗಕ್ಕೆಂದು ಕಸಿಯ ತಂಡ ಇವರಲ್ಲಿ ರಕ್ತದಲ್ಲಿ ತೇಲುವ ಎಂಡೋಥೀಲಿಯಲ್ ಕೋಶಗಳ ಎಣಿಕೆಯನ್ನು ಆರಂಭಿಸಿತ್ತು. ಇದು ಇನ್ನೂ ವಾಡಿಕೆಯ ತಪಾಸಣೆಯಲ್ಲ, ಅಧ್ಯಯನದ ಮಟ್ಟದ ಪರೀಕ್ಷೆ. ಇದರ ಹಿಂದಿನ ತರ್ಕ ಸರಳ. ರಕ್ತನಾಳಗಳ ಒಳಮೈಗೆ ಒಂದೇ ಸಾಲಿನ ಕೋಶಗಳ ಹೊದಿಕೆ ಇರುತ್ತದೆ, ಅದೇ ಎಂಡೋಥೀಲಿಯಂ. ಕಸಿಯಾದ ಅಂಗದಲ್ಲಿ ಈ ಹೊದಿಕೆ ದಾನಿಯದು, ಅದರ ಮೇಲೆ ಹರಿಯುವ ರಕ್ತ ಸ್ವೀಕರಿಸಿದವರದು, ಆದ್ದರಿಂದ ಪರಕೀಯವೆಂದು ಗುರುತಿಸುವ ಬಿಳಿ ರಕ್ತಕಣಗಳಿಗೂ ಪ್ರತಿಕಾಯಗಳಿಗೂ ಎದುರಾಗುವ ಮೊದಲ ಗೋಡೆ ಇದೇ. ಗೋಡೆಗೆ ಪೆಟ್ಟು ಬಿದ್ದಾಗ ಕೋಶಗಳು ಕಳಚಿ ರಕ್ತಕ್ಕೆ ಬೀಳುತ್ತವೆ. ಆರೋಗ್ಯವಂತರಲ್ಲಿ ಹೀಗೆ ಕಳಚಿದವು ಒಂದು ಮಿಲಿಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ 10ಕ್ಕಿಂತ ಕಡಿಮೆ. ಅದೇ ಒಂದು ಮಿಲಿಲೀಟರಿನಲ್ಲಿ ಕೆಂಪು ರಕ್ತಕಣಗಳು ಸುಮಾರು 500 ಕೋಟಿ ಇರುತ್ತವೆ ಎಂಬುದನ್ನು ನೆನೆದರೆ ಹುಡುಕಾಟ ಎಂಥದ್ದು ಎಂಬುದು ತಿಳಿಯುತ್ತದೆ. ರಕ್ತನಾಳಗಳ ಉರಿಯೂತ, ಹೃದಯಾಘಾತ, ಸಿಕಲ್ ಸೆಲ್ ಕಾಯಿಲೆಗಳಲ್ಲಿ ಈ ಸಂಖ್ಯೆ ಏರುವುದು 1990ರ ದಶಕದಿಂದ ಈಚೆಗೆ ದಾಖಲಾಗುತ್ತ ಬಂದಿದೆ. ಮೂತ್ರಪಿಂಡದ ಕಸಿಯಲ್ಲಿ, ದೇಹವು ಅಂಗವನ್ನು ತಿರಸ್ಕರಿಸುವಾಗಲೂ ಅದು ಏರುವುದನ್ನು 2003ರ ಹೊತ್ತಿಗೆ ಜರ್ಮನಿಯ ಸಂಶೋಧಕರು ತೋರಿಸಿದ್ದರು.

ಎಣಿಸುವ ವಿಧಾನವನ್ನು ತುಸು ವಿವರವಾಗಿಯೇ ಹೇಳಬೇಕು, ಏಕೆಂದರೆ ಮುಂದಿನ ಕಥೆಯೆಲ್ಲ ಅದರ ಮೇಲೆ ನಿಂತಿದೆ. ಈ ಕೋಶಗಳ ಮೈಮೇಲೆ ಸಿಡಿ146 ಎಂಬ ಪ್ರೋಟೀನು ಇರುತ್ತದೆ. ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯವನ್ನು ಹೊದಿಸಿದ, 4.5 ಮೈಕ್ರಾನ್ ಗಾತ್ರದ ಕಾಂತೀಯ ಮಣಿಗಳನ್ನು ಒಂದು ಮಿಲಿಲೀಟರ್ ರಕ್ತಕ್ಕೆ ಬೆರೆಸಿ, 4 ಡಿಗ್ರಿ ತಂಪಿನಲ್ಲಿ ಅರ್ಧ ಗಂಟೆ ನಿಧಾನವಾಗಿ ತಿರುಗಿಸುತ್ತಾರೆ. ಬಳಿಕ ಅಯಸ್ಕಾಂತವನ್ನು ಟ್ಯೂಬಿಗೆ ಹಿಡಿದರೆ ಮಣಿ ಅಂಟಿದ ಕೋಶಗಳು ಒಂದು ಬದಿಗೆ ಬರುತ್ತವೆ, ಉಳಿದ ರಕ್ತವನ್ನು ತೊಳೆದು ಚೆಲ್ಲುತ್ತಾರೆ. ಬಿಳಿ ರಕ್ತಕಣಗಳೂ ಕೆಲವೊಮ್ಮೆ ಸುಮ್ಮನೆ ಮಣಿಗಳನ್ನು ಮೆತ್ತಿಕೊಳ್ಳುವುದುಂಟು. ಚುರುಕುಗೊಂಡ ಟಿ ಕೋಶಗಳ ಮೇಲೂ ಸಿಡಿ146 ಕಾಣಿಸಿಕೊಳ್ಳುತ್ತದೆ. ಆದುದರಿಂದ ಎಂಡೋಥೀಲಿಯಲ್ ಕೋಶಕ್ಕೆ ಅಂಟುವ, ಯೂಲೆಕ್ಸ್ ಎಂಬ ಮುಳ್ಳುಗಿಡದಿಂದ ತೆಗೆದ ಲೆಕ್ಟಿನ್ ಪ್ರೋಟೀನಿಗೆ ಹಸಿರು ಹೊಳಪಿನ ಬಣ್ಣವನ್ನು ಕಟ್ಟಿ, ಕತ್ತಲಲ್ಲಿ ಒಂದು ಗಂಟೆ ಇಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಸಿರಾಗಿ ಹೊಳೆಯುವ, 10 ಮೈಕ್ರಾನಿಗಿಂತ ದೊಡ್ಡದಾದ, ಐದಕ್ಕಿಂತ ಹೆಚ್ಚು ಮಣಿಗಳನ್ನು ಹೊತ್ತ ಕೋಶ ಮಾತ್ರ ಲೆಕ್ಕಕ್ಕೆ ಬರುತ್ತದೆ. ಪ್ರಯೋಗಾಲಯಗಳ ನಡುವೆ ಸಂಖ್ಯೆಗಳು ಹೊಂದುತ್ತಿರಲಿಲ್ಲವಾದ ಕಾರಣ 2006ರಲ್ಲಿ ಒಮ್ಮತದ ಕ್ರಮವೊಂದನ್ನು ಪ್ರಕಟಿಸಲಾಯಿತು. ಅದರಲ್ಲಿ ರಕ್ತ ತೆಗೆಯುವ ಬಗೆಗೂ ಒಂದು ಸೂಚನೆಯಿದೆ: ಸೂಜಿ ಚುಚ್ಚಿದಾಗ ಆ ರಕ್ತನಾಳದ ಗೋಡೆಯಿಂದಲೇ ಕೋಶಗಳು ಕೆತ್ತಿ ಬರುವುದರಿಂದ ಮೊದಲ ಟ್ಯೂಬನ್ನು ಈ ಎಣಿಕೆಗೆ ಬಳಸಬಾರದು.

ಇವರಲ್ಲಿ ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳ ಎಣಿಕೆಯನ್ನು ನಾವು ಮೂಲಮಟ್ಟಕ್ಕೆ ಸೇರಿಸಲಿಲ್ಲ. ಹೊರತೆಗೆದ ಶ್ವಾಸಕೋಶ ಗಂಟೆಗಟ್ಟಲೆ ತಂಪಿನಲ್ಲಿದ್ದು ಮತ್ತೆ ರಕ್ತ ಹರಿದಾಗ ಆಗುವ ಪೆಟ್ಟು, ಹೊಲಿಗೆ, ಕುತ್ತಿಗೆಯ ಮತ್ತು ಕೈಯ ಕೊಳವೆಗಳು, ಇವೆಲ್ಲವೂ ಕೋಶಗಳನ್ನು ಉದುರಿಸುತ್ತವೆ. ಜನವರಿಯಿಂದ ನೋಡಿದಾಗ ಸಂಖ್ಯೆ ಹೀಗಿತ್ತು: ಜನವರಿಯಲ್ಲಿ 11, ಮಾರ್ಚಿನಲ್ಲಿ 8, ಮೇ ತಿಂಗಳಲ್ಲಿ 12. ರೋಗಿಯ ಅಣ್ಣ ಇದನ್ನು ಕಾಫಿ ದರದಂತೆ ಡೈರಿಯಲ್ಲಿ ಬರೆದಿಟ್ಟುಕೊಂಡು 8ಕ್ಕೆ ಸಂತೋಷಪಟ್ಟು 12ಕ್ಕೆ ಕಳವಳಗೊಂಡಿದ್ದರು. ಇಷ್ಟು ಸಣ್ಣ ಸಂಖ್ಯೆಗಳಲ್ಲಿ ಅದಕ್ಕೆ ಅರ್ಥವಿಲ್ಲ. ಹತ್ತು ಕೋಶಗಳನ್ನು ಎಣಿಸಿದಾಗ, ಎಣಿಸುವವರು ಎಷ್ಟೇ ಜಾಗರೂಕರಾಗಿದ್ದರೂ, ಆ ಹನಿಯಲ್ಲಿ ಎಷ್ಟು ಸಿಕ್ಕವು ಎಂಬ ಆಕಸ್ಮಿಕದಿಂದಲೇ ಸುಮಾರು ಮೂರರಷ್ಟು ಮೇಲೆ ಕೆಳಗೆ ಆಗುತ್ತದೆ. ಎಂಟೂ ಹನ್ನೆರಡೂ ಈ ಮಟ್ಟಿಗೆ ಒಂದೇ ಉತ್ತರ.

ಆಗಸ್ಟಿನ ಮೊದಲ ವಾರದ ವರದಿಯಲ್ಲಿ ಸಂಖ್ಯೆ 94 ಎಂದಿತ್ತು.

ಅದು ಆಕಸ್ಮಿಕದ ಲೆಕ್ಕಕ್ಕೆ ಸಿಗುವ ಏರಿಕೆಯಲ್ಲ. ಹಿಂದಿನ ವಾರವಷ್ಟೇ, ರೋಗನಿರೋಧಕ ಶಕ್ತಿ ತಗ್ಗಿದವರನ್ನು ಕಾಡುವ ಸೈಟೊಮೆಗಲೊ ವೈರಸ್ ತಡೆಗೆ ಒಂಬತ್ತು ತಿಂಗಳಿಂದ ಕೊಡುತ್ತಿದ್ದ ವಾಲ್‌ಗಾನ್‌ಸೈಕ್ಲೊವಿರ್ ಮಾತ್ರೆಯನ್ನು ನಿಲ್ಲಿಸಿದ್ದೆವು. ಮಳೆ ಜೋರಾಗಿತ್ತು, ಮನೆಯೊಳಗೆ ಬೂಷ್ಟು ಹಿಡಿದಿರಬಹುದೆಂಬ ಭಯವೂ ಇತ್ತು. ರೋಗಿಯನ್ನು ಕರೆಸಿದಾಗ ಅವರು ಆರಾಮವಾಗಿಯೇ ಇದ್ದರು, ಎಫ್‌ಇವಿ1 2.40 ಲೀಟರ್, ಜ್ವರವಿಲ್ಲ, ಎದೆಯ ಎಕ್ಸ್‌ರೇ ಮೊದಲಿನಂತೆಯೇ ಇತ್ತು. ಒಂದೇ ಒಂದು ಹೊಸ ಸಂಗತಿಯನ್ನು ಅವರಾಗಿ ಹೇಳಲಿಲ್ಲ, ಮೂತ್ರದ ಮಾದರಿ ಹೇಳಿತು. ಅದು ಕೆಂಪಾಗಿತ್ತು. ಕೊಡಗಿನ ಯಾವ ವೈದ್ಯನಿಗೂ ಆ ದಿನಗಳಲ್ಲಿ ಆ ಬಣ್ಣ ಗಾಬರಿ ಹುಟ್ಟಿಸುವುದಿಲ್ಲ, ಮೂತ್ರಕ್ಕೆ ಬಣ್ಣ ಬರಿಸುವ ಮದ್ದುಸೊಪ್ಪಿನ ಪಾಯಸವನ್ನು ಮನೆಮನೆಯಲ್ಲೂ ಉಣ್ಣುವ ಕಕ್ಕಡ ಹದಿನೆಂಟು ಆಗಿ ಎರಡು ದಿನವಾಗಿತ್ತಷ್ಟೇ. “ಒಂದೇ ಬಟ್ಟಲು ಮದ್ದುಪಾಯಸ, ಅಮ್ಮ ಕೊಟ್ಟದ್ದು, ಬೇಡ ಅನ್ನಲಿಕ್ಕೆ ಆಗಲಿಲ್ಲ” ಎಂದು ತಲೆತಗ್ಗಿಸಿದರು. ದೇಹ ಕಸಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೋಲಿಮಸ್ ತೆಗೆದುಕೊಳ್ಳುವವರು ಹೊಸ ಸೊಪ್ಪು, ಕಷಾಯ, ಚಕ್ಕೋತದ ಹಣ್ಣು ಇವುಗಳಿಂದ ದೂರವಿರಬೇಕೆಂದು ನಾನು ಹೇಳಿಯೇ ಇದ್ದೆ. ಚಕ್ಕೋತ ಆ ಔಷಧದ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ, ಮಟ್ಟ ಅತಿಯಾದರೆ ಔಷಧವೇ ರಕ್ತನಾಳದ ಒಳಪೊರೆಗೆ ಹಾನಿ ಮಾಡಬಲ್ಲದು, ತೀರಾ ಇಳಿದರೆ ದೇಹ ಅಂಗವನ್ನು ತಿರಸ್ಕರಿಸುವ ಭಯ. ಹಾಗಾಗಿ ನಾವು ಪಾಯಸವನ್ನೂ ಅನುಮಾನದ ಪಟ್ಟಿಗೆ ಸೇರಿಸಿ, ಹಿಂದಿನ ಗುಳಿಗೆಯಾಗಿ ಹನ್ನೆರಡು ಗಂಟೆಗೆ ತೆಗೆದ ಟ್ಯಾಕ್ರೋಲಿಮಸ್ ಮಟ್ಟವನ್ನು ನೋಡಿದೆವು. 9.6 ಇತ್ತು, ತಂಡ ನಿಗದಿಪಡಿಸಿದ ಮಿತಿಯೊಳಗೇ. ಸೈಟೊಮೆಗಲೊ ವೈರಸ್ಸಿನ ಪಿಸಿಆರ್ ಪರೀಕ್ಷೆಯಲ್ಲಿ ವೈರಸ್ ಸಿಗಲಿಲ್ಲ. ದಾನಿಯ ವಿರುದ್ಧದ ಪ್ರತಿಕಾಯಗಳೂ ಇರಲಿಲ್ಲ.

ಬೆಂಗಳೂರಿನಲ್ಲಿ ಬಯಾಪ್ಸಿಗೆ ದಿನ ಗೊತ್ತುಮಾಡುವ ಮಾತು ಬಂತು. ಅಷ್ಟರಲ್ಲಿ ಎಣಿಕೆ ಮಾಡುವ ಪ್ರಯೋಗಾಲಯದವರು ಫೋನಿನಲ್ಲಿ ಕೇಳಿದ ಒಂದು ಪ್ರಶ್ನೆ ಎಲ್ಲವನ್ನೂ ತಿರುಗಿಸಿತು: ಕಳುಹಿಸಿದ್ದು ಎಷ್ಟನೆಯ ಟ್ಯೂಬು? ನಾನು ರಕ್ತ ತೆಗೆದ ಸಿಸ್ಟರನ್ನು ಕರೆದು ಕೇಳಿದೆ. ಅವರು ಆ ತಿಂಗಳಷ್ಟೇ ನಮ್ಮಲ್ಲಿಗೆ ಬಂದವರು, ಕೈ ಹಗುರವಾದ, ಕೆಲಸದಲ್ಲಿ ನಿಷ್ಠೆಯಿರುವ ಹೆಣ್ಣುಮಗಳು. “ಮೊದಲನೇ ಟ್ಯೂಬು ಅದಕ್ಕೇ ಕೊಟ್ಟೆ ಸರ್. ಅದೇ ಎಲ್ಲಕ್ಕಿಂತ ಮುಖ್ಯದ ಟೆಸ್ಟ್ ಅಂತ ನೀವೇ ಹೇಳಿದ್ರಲ್ಲ” ಎಂದರು. ಆ ದಿನ ಬೇಕಿದ್ದ ಟ್ಯೂಬುಗಳೆಲ್ಲವೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ, ನೇರಳೆ ಮುಚ್ಚಳದ ಇಡಿಟಿಎ ಟ್ಯೂಬುಗಳೇ. ಎಣಿಕೆಗೆ, ಟ್ಯಾಕ್ರೋಲಿಮಸ್‌ಗೆ, ರಕ್ತಕಣಗಳ ಲೆಕ್ಕಕ್ಕೆ, ವೈರಸ್ಸಿನ ಪಿಸಿಆರ್‌ಗೆ. ಹಿಂದಿನ ಸಿಸ್ಟರಿಗೆ ಕ್ರಮವನ್ನು ನಾನು ಬಾಯಲ್ಲಿ ಹೇಳಿದ್ದೆ. ಬರೆದಿಟ್ಟಿರಲಿಲ್ಲ. ಸಾಲದ್ದಕ್ಕೆ ತಿಂಗಳುಗಟ್ಟಲೆ ಸೂಜಿ ಕಂಡು ಗಟ್ಟಿಯಾಗಿದ್ದ ರಕ್ತನಾಳ ಆ ದಿನ ಮೂರನೆಯ ಯತ್ನದಲ್ಲಿ ಸಿಕ್ಕಿತ್ತು. ಗೋಡೆಯನ್ನು ಕೆತ್ತಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಕಿರಲಿಲ್ಲ.

ಎರಡು ದಿನ ಬಿಟ್ಟು ಇನ್ನೊಂದು ಕೈಯಿಂದ ಮತ್ತೆ ರಕ್ತ ತೆಗೆದೆವು. ಈ ಸಲ ಮೊದಲ ಟ್ಯೂಬನ್ನೂ ಮೂರನೆಯ ಟ್ಯೂಬನ್ನೂ ಗುರುತು ಹಾಕಿ ಎರಡನ್ನೂ ಕಳುಹಿಸಿದೆವು. ಎಣಿಸುವವರಿಗೆ ಯಾವುದು ಯಾವುದೆಂದು ತಿಳಿಸಲಿಲ್ಲ. ಒಂದೇ ಸೂಜಿ, ಒಂದೇ ರಕ್ತನಾಳ, ನಡುವೆ ಒಂದೆರಡು ನಿಮಿಷ. ಮೊದಲನೆಯದರಲ್ಲಿ 41, ಮೂರನೆಯದರಲ್ಲಿ 13. ಬಯಾಪ್ಸಿ ರದ್ದಾಯಿತು. ಮೇ ತಿಂಗಳವರೆಗಿನ ಮೂರೂ ಮಾದರಿಗಳು ಮೂರನೆಯ ಟ್ಯೂಬಿನವೇ ಎಂಬುದನ್ನು ಹಳೆಯ ಸಿಸ್ಟರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆಯೇ ನನಗೆ ಸಮಾಧಾನವಾದದ್ದು, ಇಲ್ಲದಿದ್ದರೆ ಮೂಲಮಟ್ಟವೆಂದು ನಂಬಿದ್ದೂ ಕೈಬಿಟ್ಟು ಹೋಗುತ್ತಿತ್ತು.

ಇಲ್ಲಿ ಸಾಗಾಟದ ಬಗ್ಗೆಯೂ ಒಂದು ಮಾತು ಹೇಳಬೇಕು. ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ರೈಲಿಲ್ಲದ ಜಿಲ್ಲೆಯಿಂದ ರಕ್ತ ರಸ್ತೆಯಲ್ಲೇ ಹೋಗಬೇಕು, ಮತ್ತು ತೆಗೆದ 24 ಗಂಟೆಯೊಳಗೆ ಮಣಿಗಳೊಂದಿಗೆ ಬೆರೆಯಬೇಕು. ದೂರಕ್ಕಿಂತ ನಮ್ಮನ್ನು ಹೆಚ್ಚು ಕಾಡಿದ್ದು ಐಸ್. ಟ್ಯೂಬು ನೇರವಾಗಿ ಐಸ್‌ಪ್ಯಾಕಿಗೆ ತಾಗಿದರೆ ರಕ್ತ ಮಂಜುಗಟ್ಟುವಷ್ಟು ತಣ್ಣಗಾಗಿ ಕೋಶಗಳು ಒಡೆಯುತ್ತವೆ. ಬಟ್ಟೆಯಲ್ಲಿ ಸುತ್ತಿ, ನಡುವೆ ರಟ್ಟಿಟ್ಟು, ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಹಾಕಿ ಕಳುಹಿಸುವ ಪದ್ಧತಿ ಎರಡನೆಯ ತಿಂಗಳಿಗೇ ಕೈಗೆ ಹತ್ತಿತ್ತು. ದೂರದ ದಾರಿಯ ಬಗ್ಗೆ ಇಷ್ಟೆಲ್ಲ ಎಚ್ಚರ ವಹಿಸಿದ ನಾನು ಸೂಜಿಯಿಂದ ಟ್ಯೂಬಿನವರೆಗಿನ ಒಂದು ಗೇಣಿನ ದಾರಿಯನ್ನು ಮರೆತಿದ್ದೆ.

ಅಕ್ಟೋಬರಿನ ಕಾವೇರಿ ಸಂಕ್ರಮಣವಾದ ಮರುವಾರ ರೋಗಿ ತಾವಾಗಿಯೇ ಫೋನ್ ಮಾಡಿದರು. ನಾಲ್ಕು ದಿನದಿಂದ ಸುಸ್ತು, ಸಂಜೆ ಹೊತ್ತು 99.8 ಡಿಗ್ರಿ ಮೈಬಿಸಿ, ಊಟ ರುಚಿಸುತ್ತಿಲ್ಲ. ಎಫ್‌ಇವಿ1 2.30 ಲೀಟರಿಗೆ ಇಳಿದಿತ್ತು. ಮೂಲಮಟ್ಟದಿಂದ ಶೇ 5ರಷ್ಟು, ಒಂಟಿಯಾಗಿ ನೋಡಿದರೆ ಯಾರೂ ಎದ್ದು ಕೂರುವ ಇಳಿಕೆಯಲ್ಲ. ಸಿಸ್ಟರ್ ಮೂರನೆಯ ಟ್ಯೂಬನ್ನೇ ಕಳುಹಿಸಿದ್ದರು, ಅದರ ಮೇಲೆ ಕೆಂಪು ಶಾಯಿಯಲ್ಲಿ 3 ಎಂದು ಬರೆದೂ ಇದ್ದರು. ಎಣಿಕೆ 37. ಮೂರು ದಿನ ಬಿಟ್ಟು ಅದೇ ಕ್ರಮದಲ್ಲಿ ತೆಗೆದದ್ದು 58.

ಆಗಸ್ಟಿನಲ್ಲಿ ಒಮ್ಮೆ ಮೋಸಹೋದ ಮನಸ್ಸು ಎರಡು ರೀತಿಯಲ್ಲಿ ಎಡವಬಹುದು: ಈ ಪರೀಕ್ಷೆಯನ್ನೇ ನಂಬದಿರುವುದು ಒಂದು, ಈ ಸಲ ಕ್ರಮ ಸರಿಯಾಗಿದೆಯಲ್ಲ ಎಂದು ಅದು ಹೇಳದ್ದನ್ನೂ ನಂಬಿಬಿಡುವುದು ಇನ್ನೊಂದು. ನಾನು ಎರಡನೆಯ ಕಡೆಗೆ ಜಾರುವವನಿದ್ದೆ. ಕಸಿಯಾಗಿ ವರ್ಷ ತುಂಬಿದ ರೋಗಿ, ಇಳಿಯುತ್ತಿರುವ ಉಸಿರು, ಕಳಚುತ್ತಿರುವ ಎಂಡೋಥೀಲಿಯಂ. ಇದು ತಿರಸ್ಕಾರವೇ ಎಂದು ಮನಸ್ಸಿನಲ್ಲಿ ತೀರ್ಮಾನಿಸಿ, ಮೂರು ದಿನ ದೊಡ್ಡ ಪ್ರಮಾಣದಲ್ಲಿ ಸ್ಟಿರಾಯ್ಡ್ ಔಷಧವಾದ ಮಿಥೈಲ್‌ಪ್ರೆಡ್ನಿಸೊಲೋನ್ ಕೊಡುವ ಬಗ್ಗೆ ತಂಡದೊಂದಿಗೆ ಮಾತನಾಡಿದ್ದೂ ಹೌದು. ಬಯಾಪ್ಸಿಗೆ ಮೊದಲು ಕೊಡುವುದು ಬೇಡವೆಂದು ತಂಡದ ಹಿರಿಯ ವೈದ್ಯರು ತಡೆದರು.

ತಡೆಯಲು ಅವರಿಗೆ ಸಿಕ್ಕ ಕಾರಣಗಳು ಎರಡು. ಬಿಳಿ ರಕ್ತಕಣಗಳು 2,900ಕ್ಕೆ, ಪ್ಲೇಟ್‌ಲೆಟ್ 1.1 ಲಕ್ಷಕ್ಕೆ ಇಳಿದಿದ್ದವು. ತಿರಸ್ಕಾರದ ಚಿತ್ರಕ್ಕೆ ಇದು ಹೊಂದುವುದಿಲ್ಲ. ಇನ್ನೊಂದು ಪ್ರಯೋಗಾಲಯದ ವರದಿಯ ಕೆಳಗೆ ಕೈಬರಹದಲ್ಲಿದ್ದ ಒಂದು ಸಾಲು: ಕೆಲವು ಕೋಶಗಳು ಹಿಂದಿನ ಮಾದರಿಗಳಿಗಿಂತ ಎದ್ದು ಕಾಣುವಷ್ಟು ದೊಡ್ಡವಾಗಿವೆ. ನಾನು ಸಂಖ್ಯೆಯನ್ನು ಓದಿ ಆ ಸಾಲನ್ನು ದಾಟಿಹೋಗಿದ್ದೆ. ಸೈಟೊಮೆಗಲೊ ಎಂಬ ಹೆಸರಿನ ಅರ್ಥವೇ ಕೋಶವನ್ನು ಹಿಗ್ಗಿಸುವುದು. ಆ ವೈರಸ್ಸಿನ ಇಷ್ಟದ ಮನೆಗಳಲ್ಲಿ ರಕ್ತನಾಳದ ಒಳಪೊರೆಯೂ ಒಂದು. ವೈರಸ್ ತುಂಬಿ ದೈತ್ಯಗಾತ್ರಕ್ಕೆ ಬೆಳೆದ ಎಂಡೋಥೀಲಿಯಲ್ ಕೋಶಗಳು ಕಳಚಿ ರೋಗಿಗಳ ರಕ್ತದಲ್ಲಿ ತೇಲುವುದನ್ನು 1993ರಲ್ಲೇ ನೆದರ್‌ಲೆಂಡ್ಸ್ ಮತ್ತು ಇಟಲಿಯ ಸಂಶೋಧಕರು ಬೇರೆಬೇರೆಯಾಗಿ ವರದಿ ಮಾಡಿದ್ದರು.

ಪಿಸಿಆರ್ ವರದಿಯಲ್ಲಿ ವೈರಸ್ಸಿನ ಪ್ರಮಾಣ ಒಂದು ಮಿಲಿಲೀಟರ್ ಪ್ಲಾಸ್ಮಾಕ್ಕೆ 21,400 ಅಂತರರಾಷ್ಟ್ರೀಯ ಯೂನಿಟ್ ಎಂದು ಬಂತು. ತಡೆಮಾತ್ರೆ ನಿಲ್ಲಿಸಿದ ಮೇಲೆ ತಿಂಗಳಿಗೊಮ್ಮೆ ಮಾಡಬೇಕಿದ್ದ ಈ ಪರೀಕ್ಷೆ ಆಗಸ್ಟಿನಲ್ಲಿ ಆಗಿತ್ತು, ಸೆಪ್ಟೆಂಬರಿನಲ್ಲಿ ತಪ್ಪಿತ್ತು. ಆಗಸ್ಟಿನ ಓಡಾಟದಲ್ಲಿ ಕೈ ಬರಿದಾಗಿದ್ದರಿಂದ “ಮುಂದಿನ ತಿಂಗಳು ಒಟ್ಟಿಗೆ ಮಾಡಿಸುವ” ಎಂದು ಅಣ್ಣ ಕೇಳಿದ್ದರು, ನಾನು ಒಪ್ಪಿದ್ದೆ. ಸುಳ್ಳು ಏರಿಕೆಯೊಂದರ ಬೆನ್ನುಹತ್ತಿ ಖರ್ಚಾದ ಹಣ ನಿಜವಾದ ಅಪಾಯವನ್ನು ಒಂದು ತಿಂಗಳು ಮೊದಲೇ ಹಿಡಿಯುವ ಪರೀಕ್ಷೆಯನ್ನು ತಪ್ಪಿಸಿತು ಎಂಬುದು ಈ ಪ್ರಕರಣದಲ್ಲಿ ನನಗೆ ಅತ್ಯಂತ ನೋವಿನ ಸಂಗತಿ.

ಬೆಂಗಳೂರಿನಲ್ಲಿ ಶ್ವಾಸನಾಳಕ್ಕೆ ಕೊಳವೆ ಇಳಿಸಿ ಮಾಡಿದ ಬ್ರಾಂಕೋಸ್ಕೋಪಿಯಲ್ಲಿ ತೆಗೆದ ಚೂರುಗಳಲ್ಲಿ ರಕ್ತನಾಳಗಳ ಸುತ್ತ ತಿರಸ್ಕಾರವನ್ನು ಸೂಚಿಸುವ ಬಿಳಿಕಣಗಳ ಮುತ್ತಿಗೆ ಇರಲಿಲ್ಲ. ಶ್ವಾಸಕೋಶವನ್ನು ತೊಳೆದು ತೆಗೆದ ದ್ರವದಲ್ಲಿ ವೈರಸ್ ಇತ್ತು. ವಾಲ್‌ಗಾನ್‌ಸೈಕ್ಲೊವಿರ್ 900 ಮಿಲಿಗ್ರಾಂನಂತೆ ದಿನಕ್ಕೆರಡು ಸಲ ಆರಂಭಿಸಿ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳಲ್ಲಿ ಮೈಕೊಫೆನೊಲೇಟನ್ನು ಅರ್ಧಕ್ಕಿಳಿಸಲಾಯಿತು. ಸ್ಟಿರಾಯ್ಡನ್ನು ಅಂದು ಕೊಟ್ಟಿದ್ದರೆ ವೈರಸ್ಸಿಗೆ ಬಾಗಿಲನ್ನು ಪೂರ್ತಿ ತೆರೆದಂತಾಗುತ್ತಿತ್ತು. ಜ್ವರ ಒಂದು ವಾರದಲ್ಲಿ ಬಿಟ್ಟಿತು. ಪಿಸಿಆರ್ ಎರಡು ಸಲ ಬೆನ್ನುಬೆನ್ನಿಗೆ ವೈರಸ್ ಇಲ್ಲವೆನ್ನಲು ಐದು ವಾರ ಹಿಡಿಯಿತು. ಎಂಡೋಥೀಲಿಯಲ್ ಕೋಶಗಳ ಎಣಿಕೆ ನಾಲ್ಕನೆಯ ವಾರದಲ್ಲಿ 19ಕ್ಕೆ, ಎಂಟನೆಯ ವಾರದಲ್ಲಿ 11ಕ್ಕೆ ಬಂತು.

ಕಳಚಿದ ಆ ಕೋಶಗಳು ದಾನಿಯ ಶ್ವಾಸಕೋಶದಿಂದ ಬಂದವೋ, ರೋಗಿಯ ಸ್ವಂತ ರಕ್ತನಾಳಗಳಿಂದ ಬಂದವೋ ಎಂಬ ಪ್ರಶ್ನೆ ತಂಡದಲ್ಲಿ ಚರ್ಚೆಗೆ ಬಂದಿತ್ತು. ವೈರಸ್ಸಿಗೆ ಆ ಭೇದವಿಲ್ಲ, ತಿರಸ್ಕಾರಕ್ಕೆ ಇದೆ. ಆದ್ದರಿಂದ ಮೂಲ ತಿಳಿದರೆ ಎಣಿಕೆಗೆ ಇನ್ನೊಂದು ಕಣ್ಣು ಬಂದಂತೆ. ದಾನಿ ಹೆಣ್ಣು, ಪಡೆದವರು ಗಂಡಾಗಿದ್ದರೆ ಹಿಡಿದ ಕೋಶದಲ್ಲಿ ವೈ ವರ್ಣತಂತು ಇದೆಯೇ ಎಂದು ನೋಡಿ ಹೇಳಬಹುದು. ಇಲ್ಲಿ ಇಬ್ಬರೂ ಗಂಡಸರು. ದಾನಿಯ ಕೋಶಗಳ ಮೈಮೇಲಿದ್ದು ರೋಗಿಯ ಕೋಶಗಳಲ್ಲಿಲ್ಲದ ಎಚ್‌ಎಲ್‌ಎ ಗುರುತಿಗೆ ಬಣ್ಣ ಹಾಕುವುದು ಇನ್ನೊಂದು ದಾರಿ, ಆದರೆ ಐವತ್ತೆಂಟು ಕೋಶಗಳನ್ನು ಎಣಿಸಿ ಮುಗಿಸಿದ ಸ್ಲೈಡಿನ ಮೇಲೆ ಅದನ್ನು ಮಾಡಲಾಗಲಿಲ್ಲ. ಮುಂದಿನ ಮಾದರಿಗಳಿಂದ ಒಂದು ಟ್ಯೂಬನ್ನು ಅದಕ್ಕೆಂದೇ ತೆಗೆದಿಡುವುದೆಂದು ನಿರ್ಧರಿಸಿದ್ದೇವೆ, ನಾಲ್ಕನೆಯ ಟ್ಯೂಬು.

ಡಿಸೆಂಬರಿನ ಕೊನೆಗೆ ಅವರ ಎಫ್‌ಇವಿ1 2.37 ಲೀಟರಿನಲ್ಲಿ ನಿಂತಿದೆ. ಆ ಐವತ್ತು ಮಿಲಿಲೀಟರ್ ವೈರಸ್ ಒಯ್ದದ್ದೋ ಅಥವಾ ಊದುವುದರಲ್ಲಿನ ದಿನದಿನದ ವ್ಯತ್ಯಾಸವೋ ಎಂಬುದನ್ನು ಬೇಸಿಗೆಯ ಅಳತೆಗಳೇ ಹೇಳಬೇಕು. ಸುಗ್ಗಿಯ ಹಬ್ಬವಾದ ಪುತ್ತರಿಗೆ ಅವರು ಮಾಸ್ಕ್ ಹಾಕಿಕೊಂಡು ಗದ್ದೆಯ ಬದುವಿನ ಮೇಲೆ ನಿಂತು ಕದಿರು ಕೊಯ್ಯುವುದನ್ನು ನೋಡಿದರಂತೆ. ಕಾಫಿ ಕಣದ ಧೂಳಿಗೆ ಇಳಿಯಲು ನಾನು ಒಪ್ಪಿಲ್ಲ, ಅದಕ್ಕೆ ಅವರ ಮುನಿಸಿದೆ. ರಕ್ತ ತೆಗೆಯುವ ಕೋಣೆಯ ಗೋಡೆಗೆ ಈಗ ಸಿಸ್ಟರೇ ಬರೆದ ಹಾಳೆಯೊಂದು ಅಂಟಿದೆ. ಮೊದಲ ಟ್ಯೂಬು ರಕ್ತಕಣಗಳ ಲೆಕ್ಕಕ್ಕೆ, ಎರಡನೆಯದು ಟ್ಯಾಕ್ರೋಲಿಮಸ್‌ಗೆ, ಮೂರನೆಯದು ಎಣಿಕೆಗೆ. ಚುಚ್ಚಿದ್ದು ಎಷ್ಟನೆಯ ಸಲಕ್ಕೆ ಸಿಕ್ಕಿತು ಎಂಬುದನ್ನು ಬರೆಯಲು ಪಕ್ಕದಲ್ಲಿ ಒಂದು ಖಾಲಿ ಚೌಕ.